ಕೊಡಗಿನಲ್ಲಿ ಎಲ್ಲಿ ತಂಗಬೇಕು: ಮಡಿಕೇರಿ, ಕುಶಾಲನಗರ, ಅಥವಾ ದಕ್ಷಿಣದ ಊರುಗಳು?

ಕೊಡಗಿಗೆ ಹೊರಡುವವರಲ್ಲಿ ಹೆಚ್ಚಿನವರು ಮೊದಲು ನೋಡಬೇಕಾದ ಜಾಗಗಳ ಪಟ್ಟಿ ಮಾಡಿಕೊಂಡು, ಆಮೇಲೆ ಮತ್ತೇನನ್ನೂ ಯೋಚಿಸದೆ ಮಡಿಕೇರಿಯಲ್ಲಿ ಕೊಠಡಿ ಕಾಯ್ದಿರಿಸುತ್ತಾರೆ. ಪಟ್ಟಿಯ ಅರ್ಧದಷ್ಟು ಜಾಗಗಳು ಮಡಿಕೇರಿಯಿಂದ ಒಂದೂವರೆ, ಎರಡು ಗಂಟೆಯ ತಿರುವುದಾರಿಯಲ್ಲಿವೆ ಎಂಬುದು ಕಾರು ಹತ್ತಿದ ಮೇಲಷ್ಟೇ ಅವರಿಗೆ ಗೊತ್ತಾಗುತ್ತದೆ. 4,102 ಚದರ ಕಿಲೋಮೀಟರಿನ ಈ ಜಿಲ್ಲೆ ಭೂಪಟದಲ್ಲಿ ಚಿಕ್ಕದಾಗಿ ಕಂಡರೂ, ಮಂಜು ಕವಿದ ದಿನ ಮುಂದೊಂದು ಮರದ ಲಾರಿ ಸಿಕ್ಕಿತೆಂದರೆ ಇಲ್ಲಿಯ ಮೂವತ್ತು ಕಿಲೋಮೀಟರಿಗೆ ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಜಿಲ್ಲೆಯೊಳಗೆ ರೈಲು ಎಲ್ಲಿಯೂ ಇಲ್ಲ. ಆದ್ದರಿಂದ ಯಾವ ಹೋಟೆಲು ಎಂಬ ಪ್ರಶ್ನೆಗಿಂತ ಮೊದಲು ಯಾವ ದಿಕ್ಕು ಎಂಬುದನ್ನು ತೀರ್ಮಾನಿಸಿಕೊಂಡರೆ, ರಜೆಯ ಹೊತ್ತು ರಸ್ತೆಯಲ್ಲಿ ಕಳೆದುಹೋಗುವುದು ತಪ್ಪುತ್ತದೆ.

ಬೆಂಗಳೂರು, ಮೈಸೂರುಗಳ ಕಡೆಯಿಂದ ಬರುವವರಿಗೆ ಈ ತೀರ್ಮಾನ ಹುಣಸೂರಿಗೆ ಬರುವ ಮುನ್ನವೇ ಆಗಿರಬೇಕು. ಅಲ್ಲಿಂದ ಒಂದು ದಾರಿ ಪಿರಿಯಾಪಟ್ಟಣ, ಕುಶಾಲನಗರ, ಸುಂಟಿಕೊಪ್ಪಗಳ ಮೂಲಕ ಮಡಿಕೇರಿಗೆ ಏರುತ್ತದೆ. ಇನ್ನೊಂದು ಕಾಡನ್ನು ಹಾದು, ತಿತಿಮತಿಯ ಮೇಲೆ ಗೋಣಿಕೊಪ್ಪ, ವಿರಾಜಪೇಟೆಗಳನ್ನು ಸೇರುತ್ತದೆ. ಮಂಗಳೂರಿನಿಂದ ಸುಳ್ಯ, ಸಂಪಾಜೆಯ ದಾರಿಯಾಗಿ ಬರುವವರಿಗೆ ಮೊದಲು ಸಿಗುವುದು ಮಡಿಕೇರಿ. ಕಣ್ಣೂರು ವಿಮಾನ ನಿಲ್ದಾಣದಲ್ಲಿ ಇಳಿದು ಮಾಕುಟ್ಟದ ಘಾಟಿ ಹತ್ತುವವರಿಗೆ ಮೊದಲು ಸಿಗುವುದು ವಿರಾಜಪೇಟೆ.

ಮಡಿಕೇರಿ: ಮೊದಲ ಸಲ ಬರುವವರಿಗೆ, ಬಸ್ಸಿನಲ್ಲಿ ಬರುವವರಿಗೆ

ಸ್ವಂತ ವಾಹನವಿಲ್ಲದವರು ಹೆಚ್ಚು ಯೋಚಿಸಬೇಕಾಗಿಲ್ಲ, ಮಡಿಕೇರಿಯನ್ನೇ ಆರಿಸಿಕೊಳ್ಳಬಹುದು. ಮೈಸೂರಿನಿಂದ ಸುಮಾರು 120 ಕಿಲೋಮೀಟರ್ ದೂರದ ಈ ಜಿಲ್ಲಾ ಕೇಂದ್ರಕ್ಕೆ ಸರ್ಕಾರಿ ಬಸ್ಸುಗಳು ದಿನವಿಡೀ ಇವೆ. ಇಲ್ಲಿಂದ ಭಾಗಮಂಡಲ, ನಾಪೋಕ್ಲು, ವಿರಾಜಪೇಟೆ, ಸೋಮವಾರಪೇಟೆಗಳಿಗೆ ಬಸ್ಸು ಸಿಗುತ್ತದೆ. ಆಟೋ ಮತ್ತು ಜೀಪುಗಳೂ ಉಂಟು. ಇನ್ನೂ ಮುಖ್ಯವಾದ ಮಾತೆಂದರೆ, ಜಿಲ್ಲೆಯಲ್ಲಿ ನಡೆದುಕೊಂಡೇ ಒಂದು ಇಡೀ ದಿನ ನೋಡಬಹುದಾದ ಊರು ಇದೊಂದೇ.

ಆ ನಡಿಗೆಯನ್ನು ಕೋಟೆಯಿಂದ ಆರಂಭಿಸುವುದು ಒಳ್ಳೆಯದು. ಹಾಲೇರಿ ವಂಶದ ಮುದ್ದುರಾಜನು 1681ರಲ್ಲಿ ಮಡಿಕೇರಿಯನ್ನು ರಾಜಧಾನಿಯಾಗಿ ಮಾಡಿಕೊಂಡು ಕಟ್ಟಿಸಿದ ಮಣ್ಣಿನ ಕೋಟೆಯನ್ನು ಟಿಪ್ಪು ಸುಲ್ತಾನನು ಕಲ್ಲಿನಲ್ಲಿ ಮತ್ತೆ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟನು; ಒಳಗಿನ ಅರಮನೆಗೆ ಈಗಿನ ರೂಪ ಬಂದದ್ದು ಲಿಂಗರಾಜೇಂದ್ರನ ಕಾಲದಲ್ಲಿ, 1812ರಿಂದ 1814ರ ನಡುವೆ. 1834ರಲ್ಲಿ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಬ್ರಿಟಿಷರು ಕೊಡಗನ್ನು ತೆಗೆದುಕೊಂಡ ಮೇಲೆ ಅರಮನೆ ಬಹುಕಾಲ ಕಚೇರಿಯಾಗಿತ್ತು. ಆವರಣದಲ್ಲಿರುವ ಎರಡು ಆನೆಗಳ ಪ್ರತಿಮೆಗಳ ಮುಂದೆ ಫೋಟೋ ತೆಗೆಸಿಕೊಂಡು ಹಿಂದಿರುಗಿಬಿಡುವವರೇ ಹೆಚ್ಚು. ಆದರೆ 19ನೇ ಶತಮಾನದ ನಡುವಿನಲ್ಲಿ ಇಂಗ್ಲಿಷರು ಕೋಟೆಯೊಳಗೆ ಕಟ್ಟಿಸಿದ ಚರ್ಚು ಈಗ ಸರ್ಕಾರಿ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿಯ ಶಿಲ್ಪಗಳನ್ನೂ ಹಳೆಯ ಆಯುಧಗಳನ್ನೂ ನೋಡಲು ಅರ್ಧ ಗಂಟೆ ಸಾಕು.

ಕೋಟೆಯಿಂದ ಇಳಿದು ಬಂದರೆ ಲಿಂಗರಾಜೇಂದ್ರನು 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಾಲಯ ಸಿಗುತ್ತದೆ. ನಡುವೆ ಗುಮ್ಮಟ, ನಾಲ್ಕು ಮೂಲೆಗಳಲ್ಲಿ ಮಿನಾರುಗಳಂಥ ಗೋಪುರಗಳು, ಮುಂದೆ ಮಂಟಪವಿರುವ ಕೆರೆ: ಶಿವನ ಗುಡಿಯೊಂದು ಹೀಗೂ ಇರಬಹುದೆಂದು ನಂಬಲು ಬಯಲುಸೀಮೆಯವರಿಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ. ಇದೇ ಶೈಲಿಯ ಗುಮ್ಮಟಗಳನ್ನು ಊರಿನ ಅಂಚಿನ ದಿಬ್ಬದ ಮೇಲಿರುವ ಗದ್ದಿಗೆಯಲ್ಲಿ ಇನ್ನೂ ದೊಡ್ಡದಾಗಿ ನೋಡಬಹುದು. ದೊಡ್ಡವೀರರಾಜೇಂದ್ರ, ಲಿಂಗರಾಜೇಂದ್ರರ ಸಮಾಧಿಗಳಿರುವ ಈ ಜಾಗಕ್ಕೆ ಪ್ರವಾಸಿಗಳು ಬರುವುದು ಕಡಿಮೆ. ಹುಲ್ಲುಹಾಸು, ಗಾಳಿ, ಕೆಳಗೆ ಹರಡಿಕೊಂಡ ಊರು ಇಷ್ಟೇ ಇರುವ ಗದ್ದಿಗೆಯನ್ನು ನಾನು, ಕಣಿವೆಗೆ ಮುಖಮಾಡಿದ ಹೆಸರಾಂತ ಉದ್ಯಾನವಾದ ರಾಜಾಸೀಟಿಗಿಂತ ಮೇಲೆ ಇಡುತ್ತೇನೆ. ರಾಜಾಸೀಟಿನ ಸೂರ್ಯಾಸ್ತ ಚೆನ್ನಾಗಿಲ್ಲವೆಂದಲ್ಲ. ಶನಿವಾರ ಸಂಜೆ ಅಲ್ಲಿ ಸೂರ್ಯನಿಗಿಂತ ಮುಂದಿನವರ ಬೆನ್ನೇ ಹೆಚ್ಚು ಕಾಣುತ್ತದೆ. ಅಲ್ಲಿಗೆ ಬೆಳಿಗ್ಗೆ ಹೋಗಿ, ಕಣಿವೆಯಲ್ಲಿ ಮಂಜು ಇನ್ನೂ ಕೂತಿರುವಾಗ ನೋಡುವುದು ಲೇಸು.

ಜನರಲ್ ತಿಮ್ಮಯ್ಯನವರು ಬೆಳೆದ ಸನ್ನಿಸೈಡ್ ಮನೆಯನ್ನು 2021ರ ಫೆಬ್ರವರಿಯಲ್ಲಿ ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದರು. ಮಳೆ ಬಿಡದ ದಿನ ಮಕ್ಕಳನ್ನು ಕರೆದುಕೊಂಡು ಹೋಗಲು ಮಡಿಕೇರಿಯಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಊರಿನ ಹೊರಗೆ, ಏಳೆಂಟು ಕಿಲೋಮೀಟರಿನಲ್ಲಿರುವ ಅಬ್ಬಿ ಜಲಪಾತವನ್ನು ಕಾಫಿ, ಮೆಣಸಿನ ತೋಟದ ನಡುವೆ ಮೆಟ್ಟಿಲಿಳಿದು ನೋಡಬೇಕು. ಮಾರ್ಚಿ, ಏಪ್ರಿಲಿನಲ್ಲಿ ನೀರು ತೀರ ತೆಳುವಾಗಿರುತ್ತದೆ, ಆಗ ಬಿಟ್ಟರೂ ನಷ್ಟವಿಲ್ಲ. ಮಾಂದಲಪಟ್ಟಿಯ ಹುಲ್ಲುಗಾವಲಿಗೆ ಕೊನೆಯ ಕಿಲೋಮೀಟರುಗಳನ್ನು ಜೀಪಿನಲ್ಲೇ ಕ್ರಮಿಸಬೇಕಾಗುವುದರಿಂದ, ಬಾಡಿಗೆಯನ್ನು ಹತ್ತುವ ಮೊದಲೇ ಮಾತಾಡಿಕೊಳ್ಳುವುದು, ಬೆನ್ನುನೋವಿರುವ ಹಿರಿಯರನ್ನು ಕೆಳಗೇ ಬಿಟ್ಟುಹೋಗುವುದು ಜಾಣತನ. ತಲಕಾವೇರಿಗೆ ಸುಮಾರು 48 ಕಿಲೋಮೀಟರ್. ಅದಕ್ಕಿಂತ ಎಂಟು ಕಿಲೋಮೀಟರ್ ಮೊದಲು ಸಿಗುವ ಭಾಗಮಂಡಲದಲ್ಲಿ ಕಾವೇರಿ, ಕನ್ನಿಕೆ, ಸುಜ್ಯೋತಿಯರ ಸಂಗಮವಿದೆ. ಎರಡನ್ನೂ ಸೇರಿಸಿ ಅರ್ಧ ದಿನಕ್ಕಿಂತ ಹೆಚ್ಚೇ ಬೇಕು. ಅದೇ ದಿನ ಕುಶಾಲನಗರದ ಕಡೆಯ ದುಬಾರೆ ಆನೆ ಶಿಬಿರವನ್ನೂ ಮುಗಿಸುತ್ತೇವೆಂದು ಹೊರಡುವವರು ಎರಡನ್ನೂ ಸರಿಯಾಗಿ ನೋಡುವುದಿಲ್ಲ.

ಮಡಿಕೇರಿಯ ಕೊರತೆಗಳನ್ನೂ ಹೇಳಬೇಕು. ವಾರಾಂತ್ಯಕ್ಕೊಂದು ಸರ್ಕಾರಿ ರಜೆ ಸೇರಿದರೆ ಊರಿನ ಏರುರಸ್ತೆಗಳಲ್ಲಿ ವಾಹನಗಳು ಕದಲುವುದಿಲ್ಲ. ವಾಹನ ನಿಲ್ಲಿಸಲು ಜಾಗವಿಲ್ಲದ ಲಾಡ್ಜುಗಳು ಅನೇಕ ಇವೆ. ಕಾಫಿ ತೋಟದ ನಡುವೆ ಏಳಬೇಕೆಂಬ ಆಸೆಯಿಂದ ಬಂದವರಿಗೆ, ಪೇಟೆಯ ನಡುವಿನ ಕೊಠಡಿಯ ಕಿಟಕಿ ತೆರೆದರೆ ಎದುರು ಕಟ್ಟಡದ ನೀರಿನ ಟ್ಯಾಂಕು ಕಾಣುತ್ತದೆ. ನೋಟವೇ ಮುಖ್ಯವಾದರೆ ರಾಜಾಸೀಟಿನ ಕಡೆಯ, ಕಣಿವೆಗೆ ಮುಖಮಾಡಿದ ವಸತಿಗಳನ್ನು ವಿಚಾರಿಸಬೇಕು. ರಾಜ್ಯ ಪ್ರವಾಸೋದ್ಯಮ ನಿಗಮದ ಮಯೂರ ವ್ಯಾಲಿ ವ್ಯೂ ಅಂಥ ಜಾಗದಲ್ಲಿದೆ.

ಕುಶಾಲನಗರ: ಮಕ್ಕಳು ಮತ್ತು ಹಿರಿಯರ ಜೊತೆಗೆ

ಮಡಿಕೇರಿಯಿಂದ ಸುಮಾರು 30 ಕಿಲೋಮೀಟರ್ ಈಚೆಗೆ, 300 ಮೀಟರಿಗೂ ಹೆಚ್ಚು ತಗ್ಗಿನಲ್ಲಿ, ಕಾವೇರಿಯ ದಂಡೆಯಲ್ಲಿರುವ ಕುಶಾಲನಗರವನ್ನು ಕೊಡಗೆಂದು ಒಪ್ಪಿಕೊಳ್ಳಲು ಪ್ರವಾಸಿಗಳ ಮನಸ್ಸು ಹಿಂಜರಿಯುತ್ತದೆ. ಬೆಟ್ಟವಿಲ್ಲ, ಮಂಜಿಲ್ಲ, ನೆಲ ಸಪಾಟಾಗಿದೆ. ಆದರೆ ಇದೇ ಇಲ್ಲಿಯ ಅನುಕೂಲ. ರಸ್ತೆಗಳು ನೇರವಾಗಿರುವುದರಿಂದ ತಿರುವಿನಲ್ಲಿ ವಾಂತಿಮಾಡುವ ಮಕ್ಕಳಿಗೂ ಮೊಣಕಾಲು ನೋವಿನ ಅಜ್ಜಿಗೂ ಹಿತ. ಅದೇ ಮಟ್ಟದ ಕೊಠಡಿ ಮಡಿಕೇರಿಗಿಂತ ಅಗ್ಗಕ್ಕೆ ಸಿಗುವ ಸಂಭವವೂ ಹೆಚ್ಚು. ಮಳೆಯ ಲೆಕ್ಕವಂತೂ ಬೇರೆಯೇ: ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಸುರಿದರೆ, ಇಲ್ಲಿ ಅದರ ಅರ್ಧವೂ ಬೀಳುವುದಿಲ್ಲ.

ಊರಿನಿಂದ ಎರಡು ಮೂರು ಕಿಲೋಮೀಟರಿನಲ್ಲಿ ಕಾವೇರಿ ನಿಸರ್ಗಧಾಮವಿದೆ. ತೂಗುಸೇತುವೆ ದಾಟಿ ಹೋಗಬೇಕಾದ, 64 ಎಕರೆಯ ಈ ನದೀದ್ವೀಪದಲ್ಲಿ ಬಿದಿರಿನ ಮೆಳೆಗಳ ನೆರಳಿನಲ್ಲಿ ಎರಡು ಗಂಟೆ ಸುಲಭವಾಗಿ ಕಳೆಯುತ್ತದೆ. ಸುಮಾರು 15 ಕಿಲೋಮೀಟರ್ ದೂರದ ದುಬಾರೆಯಲ್ಲಿ ಅರಣ್ಯ ಇಲಾಖೆಯ ಆನೆ ಶಿಬಿರವಿದೆ. ಆನೆಗಳನ್ನು ನದಿಗಿಳಿಸಿ ತೊಳೆಯುವುದು ಬೆಳಗಿನ ಹೊತ್ತಿನಲ್ಲಿ. ಮಡಿಕೇರಿಯಲ್ಲಿ ತಿಂಡಿ ಮುಗಿಸಿ ಹೊರಟವರು ತಲುಪುವಾಗ ಅದು ಮುಗಿದಿರುತ್ತದೆ, ಕುಶಾಲನಗರದಲ್ಲಿ ತಂಗಿದವರಿಗೆ ಸಿಗುತ್ತದೆ. ಶಿಬಿರ ನದಿಯ ಆಚೆ ದಡದಲ್ಲಿರುವುದರಿಂದ, ಮಳೆಗಾಲದಲ್ಲಿ ಹೊಳೆ ತುಂಬಿದಾಗ ದೋಣಿಯನ್ನು ನಿಲ್ಲಿಸುತ್ತಾರೆ ಎಂಬುದು ನೆನಪಿರಲಿ. ನದಿಯ ಬಳಿಯೇ ಉಳಿಯಲು ಬಯಸುವವರಿಗೆ ಜಂಗಲ್ ಲಾಡ್ಜಸ್ ಸಂಸ್ಥೆಯ ವಸತಿ ದುಬಾರೆಯಲ್ಲಿದೆ. ಹಾರಂಗಿ ಜಲಾಶಯವೂ ಹತ್ತಿರದಲ್ಲೇ ಇದೆ, ತುಂಬಿದಾಗ ನೋಡಬಹುದು.

ಬೈಲುಕುಪ್ಪೆ ಸೇತುವೆಯಾಚೆ, ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿಗೆ ಸೇರಿದರೂ, ಕುಶಾಲನಗರದಿಂದ ಕೇವಲ ಐದಾರು ಕಿಲೋಮೀಟರ್. 1961ರಲ್ಲಿ ಟಿಬೆಟಿನ ನಿರಾಶ್ರಿತರಿಗಾಗಿ ನೀಡಿದ ಜಮೀನಿನಲ್ಲಿ ಬೆಳೆದ ಈ ನೆಲೆಯಲ್ಲಿ, 1963ರಲ್ಲಿ ಪೆನೋರ್ ರಿಂಪೋಚೆಯವರು ಸ್ಥಾಪಿಸಿದ ನಾಮ್‌ಡ್ರೋಲಿಂಗ್ ಮಠವಿದೆ. ಗೋಲ್ಡನ್ ಟೆಂಪಲ್ ಎಂದು ಎಲ್ಲರೂ ಕರೆಯುವ ಮಂದಿರ ತೆರೆದದ್ದು 1999ರಲ್ಲಿ. ಬುದ್ಧ, ಪದ್ಮಸಂಭವ, ಅಮಿತಾಯುಸ್ ಮೂರ್ತಿಗಳನ್ನು ನೋಡಿ ಹತ್ತೇ ನಿಮಿಷದಲ್ಲಿ ಹೊರಬರುವವರಿಗೆ ಒಂದು ಮಾತು: ಪ್ರಾರ್ಥನೆಯ ಹೊತ್ತಿಗೆ ಹೋಗಿ, ಹಿಂದೆ ಸುಮ್ಮನೆ ಕೂತು, ಉದ್ದ ಕಹಳೆಗಳ ಧ್ವನಿಯನ್ನು ಒಮ್ಮೆ ಕೇಳಿ ಬರಬೇಕು. ಅದು ಓದುವ ಭಿಕ್ಷುಗಳಿರುವ ಮಠವಾದ್ದರಿಂದ, ಫೋಟೋಗಾಗಿ ಅವರನ್ನು ನಿಲ್ಲಿಸುವುದು ಸರಿಯಲ್ಲ. ಮಧ್ಯಾಹ್ನದ ಊಟಕ್ಕೆ ಅಲ್ಲಿಯ ಟಿಬೆಟನ್ ಹೋಟೆಲುಗಳಲ್ಲಿ ಮೊಮೊ, ತುಕ್ಪಾ ದೊರೆಯುತ್ತವೆ.

ದಕ್ಷಿಣ ಕೊಡಗು: ಎರಡನೆಯ ಸಲ ಬರುವವರಿಗೆ, ಕಾರು ಇರುವವರಿಗೆ

ಮಡಿಕೇರಿಯನ್ನು ಒಮ್ಮೆ ನೋಡಿದವರು ಮುಂದಿನ ಸಲ ದಕ್ಷಿಣಕ್ಕೇ ಬರಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಇಲ್ಲಿ ಕಾಫಿ ತೋಟಗಳ ನಡುನಡುವೆ ಭತ್ತದ ಗದ್ದೆಗಳೂ ಕೊಡವ ಕುಟುಂಬಗಳ ಮೂಲಮನೆಗಳಾದ ಐನ್‌ಮನೆಗಳೂ ಕಾಣುತ್ತವೆ, ಜನಸಂದಣಿ ಕಡಿಮೆ.

ವಿರಾಜಪೇಟೆಯನ್ನು ದೊಡ್ಡವೀರರಾಜೇಂದ್ರನು 1792ರಲ್ಲಿ ಕಟ್ಟಿಸಿದನು. ಅದೇ ವರ್ಷದಷ್ಟು ಹಳೆಯದಾದ ಸಂತ ಅನ್ನಮ್ಮ ಚರ್ಚು ಊರಿನ ನಡುವೆ ಇದೆ. ಅದರಾಚೆಗೆ ಪೇಟೆಯಲ್ಲಿ ನೋಡುವುದು ಹೆಚ್ಚೇನಿಲ್ಲ. ಇದನ್ನು ನೆಲೆಯಾಗಿ ಮಾಡಿಕೊಳ್ಳುವುದು ಕಕ್ಕಬೆಯ ಕಡೆಗೆ ಹೋಗಲು. ಅಲ್ಲಿ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ, ಅದೇ ಅರಸ ಕಟ್ಟಿಸಿದ ನಾಲ್ಕುನಾಡು ಅರಮನೆಯಿದೆ. ಹೆಂಚು ಹೊದೆಸಿದ ಎರಡಂತಸ್ತಿನ ಮನೆ, ಬಣ್ಣ ಮಾಸಿದ ಗೋಡೆಚಿತ್ರಗಳು, ಅಂಗಳದಲ್ಲಿ ಅರಸನ ಮದುವೆಯ ನೆನಪಿನ ಪುಟ್ಟ ಮಂಟಪ. ಅರಮನೆಯೆಂಬ ಹೆಸರು ಕೇಳಿ ಮೈಸೂರನ್ನು ನೆನೆದು ಬಂದವರಿಗೆ ನಿರಾಶೆಯಾಗುತ್ತದೆ. ಶತ್ರು ಬಂದಾಗ ಕಾಡಿಗೆ ಸರಿಯಬೇಕಾದ ರಾಜನ ಮನೆ ಎಂದು ತಿಳಿದು ನೋಡಿದರೆ, ಅದರ ಇಕ್ಕಟ್ಟಾದ ಕೋಣೆಗಳಿಗೂ ಕತ್ತಲ ಓಣಿಗಳಿಗೂ ಕಾರಣ ಹೊಳೆಯುತ್ತದೆ. ಅಲ್ಲಿಂದಲೇ 1,748 ಮೀಟರ್ ಎತ್ತರದ, ಕೊಡಗಿನ ಅತಿ ಎತ್ತರದ ಶಿಖರವಾದ ತಡಿಯಂಡಮೋಳಿನ ಚಾರಣ ಆರಂಭ. ಅರಣ್ಯ ಇಲಾಖೆಯ ಅನುಮತಿಯನ್ನು ಮುಂಚಿತವಾಗಿ ಆನ್‌ಲೈನ್‌ನಲ್ಲಿ ಪಡೆದಿರಬೇಕು. ಕೊಡವರು ಮಳೆ, ಬೆಳೆಗಳ ದೇವರೆಂದು ನಂಬುವ ಇಗ್ಗುತಪ್ಪನ ದೇವಾಲಯವೂ, ಚೆಯ್ಯಂಡಾಣೆಯ ಬಳಿಯ ಚೇಲಾವರ ಜಲಪಾತವೂ ಇದೇ ಸುತ್ತಿನಲ್ಲಿ ಸೇರುತ್ತವೆ. ಚೇಲಾವರದ ಬಂಡೆ ಜಾರುತ್ತದೆ, ಗುಂಡಿ ಆಳವಾಗಿದೆ. ಅಲ್ಲಿ ಈಜಲು ಇಳಿದು ಪ್ರಾಣ ಕಳೆದುಕೊಂಡವರಿದ್ದಾರೆ.

ಗೋಣಿಕೊಪ್ಪ ವ್ಯಾಪಾರದ ಊರು. ಕಾಡು ನೋಡುವ ಉದ್ದೇಶವಿದ್ದವರು ಇಲ್ಲಿ ಅಥವಾ ಇನ್ನೂ ಮುಂದೆ ಕುಟ್ಟದ ಸುತ್ತಮುತ್ತ ತಂಗುವುದು ಸರಿ. ಏಕೆಂದರೆ ಕೊಡಗಿನ ಕಡೆಯಿಂದ ನಾಗರಹೊಳೆಯ ಸಫಾರಿ ಹೊರಡುವುದು ಕುಟ್ಟದ ಬಳಿಯ ನಾಣಚ್ಚಿ ಗೇಟಿನಿಂದ. ಮಡಿಕೇರಿಯಲ್ಲಿ ತಂಗಿ ಬೆಳಗಿನ ಸಫಾರಿಗೆ ಬರುತ್ತೇವೆನ್ನುವವರು ನಡುರಾತ್ರಿ ಕಳೆದೊಡನೆ ಏಳಬೇಕಾಗುತ್ತದೆ. ನಾಗರಹೊಳೆಯ ಒಳಗಿನ ರಸ್ತೆಯಲ್ಲಿ ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರಕ್ಕೆ ಅವಕಾಶವಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬ್ರಹ್ಮಗಿರಿಯ ತಪ್ಪಲಿನ ಇರ್ಪು ಜಲಪಾತ, ಅದರ ಕೆಳಗಿನ ರಾಮೇಶ್ವರ ದೇವಾಲಯಗಳೂ ಇದೇ ದಿಕ್ಕಿನಲ್ಲಿವೆ. ಅಬ್ಬಿ, ಇರ್ಪು ಎರಡರಲ್ಲಿ ಒಂದನ್ನೇ ನೋಡಲು ಸಮಯವಿದ್ದರೆ ನಾನು ಇರ್ಪನ್ನೇ ಹೇಳುತ್ತೇನೆ. ಕಾಡಿನೊಳಗೆ ಹತ್ತಿ ಹೋಗುವ ಆ ದಾರಿಯೇ ಅರ್ಧ ಸುಖ.

ಉತ್ತರದ ಸೋಮವಾರಪೇಟೆಯ ವಿಷಯ ಬೇಗ ಮುಗಿಯುತ್ತದೆ. ಕುಮಾರಧಾರೆಯ ಮಲ್ಲಳ್ಳಿ ಜಲಪಾತ, ಪುಷ್ಪಗಿರಿ, ಕೋಟೆಬೆಟ್ಟಗಳಿಗಾಗಿ ಬರುವ ಚಾರಣಿಗರಿಗೆ ಅದು ಹತ್ತಿರ. ಉಳಿದವರು ಮಲ್ಲಳ್ಳಿಯನ್ನು ಕುಶಾಲನಗರದಿಂದ ಒಂದು ದಿನದಲ್ಲಿ ನೋಡಿ ಬರಬಹುದು.

ಲಾಡ್ಜೋ, ಹೋಂಸ್ಟೇಯೋ, ರೆಸಾರ್ಟೋ

ಹಗಲೆಲ್ಲ ಊರು ಸುತ್ತಿ ರಾತ್ರಿ ಮಲಗಲು ಮಾತ್ರ ಕೊಠಡಿ ಬೇಕಾದವರಿಗೆ ಪೇಟೆಯ ಲಾಡ್ಜು ಸಾಕು. ರೆಸಾರ್ಟಿನಲ್ಲಿ ಕೊಡುವ ಹಣ ಆವರಣದೊಳಗಿನ ಸೌಕರ್ಯಕ್ಕೆ. ಬೆಳಿಗ್ಗೆ ಎಂಟಕ್ಕೆ ಹೊರಟು ರಾತ್ರಿ ಎಂಟಕ್ಕೆ ಬರುವವರು ಅಲ್ಲಿ ತಂಗಿ ದುಡ್ಡು ಕಳೆದುಕೊಳ್ಳುವುದರಲ್ಲಿ ಅರ್ಥವಿಲ್ಲ. ಎಲ್ಲಿಗೂ ಹೋಗದೆ ಎರಡು ದಿನ ವಿಶ್ರಾಂತಿ ಬೇಕೆನ್ನುವವರಿಗಷ್ಟೇ ಅದು ತಕ್ಕುದು.

ಕೊಡಗಿನ ನಿಜವಾದ ಆಯ್ಕೆಯ ಕಷ್ಟವಿರುವುದು ಹೋಂಸ್ಟೇಯಲ್ಲಿ. ಒಳ್ಳೆಯ ಹೋಂಸ್ಟೇಯೆಂದರೆ ಮನೆಯವರು ಅಲ್ಲೇ ವಾಸವಾಗಿದ್ದು, ಅವರ ಅಡುಗೆಮನೆಯಿಂದಲೇ ಊಟ ಬರಬೇಕು. ಅಕ್ಕಿತರಿಯ ಉಂಡೆಯಾದ ಕಡಂಬುಟ್ಟು, ಹಂದಿಮಾಂಸದ ಪಂದಿಕರಿ, ಅಕ್ಕಿಶಾವಿಗೆಯಾದ ನೂಪುಟ್ಟು, ಅಕ್ಕಿರೊಟ್ಟಿ, ಮಳೆಗಾಲವಾದರೆ ಕಣಿಲೆಯ (ಎಳೆ ಬಿದಿರಿನ) ಪಲ್ಯ, ಇವನ್ನು ಹುಳಿಗೆ ಬಳಸುವ ಕಪ್ಪು ರಸವಾದ ಕಾಚಂಪುಳಿಯ ಹದ ತಿಳಿದ ಮನೆಯಲ್ಲಿ ಉಂಡವರಿಗೆ ಪೇಟೆಯ ಹೋಟೆಲಿನದು ರುಚಿಸುವುದಿಲ್ಲ. ಸಸ್ಯಾಹಾರಿಗಳು ಮೊದಲೇ ತಿಳಿಸಿದರೆ ಬೇರೆ ಅಡುಗೆ ಮಾಡಿಕೊಡುವವರಿದ್ದಾರೆ; ಅಡುಗೆಮನೆಯೇ ಬೇರೆಯಿರಬೇಕೆನ್ನುವವರು ಮಾತ್ರ ಪೇಟೆಯಲ್ಲಿ ಸಸ್ಯಾಹಾರಿ ಹೋಟೆಲಿನ ಹತ್ತಿರ ತಂಗುವುದು ಉತ್ತಮ. ಹೋಂಸ್ಟೇ ಎಂಬ ಫಲಕದಡಿ, ಮನೆಯವರೇ ಇಲ್ಲದೆ ಒಬ್ಬ ಕಾವಲುಗಾರ ಬೀಗದ ಕೈ ಕೊಡುವ ಕಟ್ಟಡಗಳೂ ಇವೆ. ಆದ್ದರಿಂದ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾಗಿದೆಯೇ, ಮನೆಯವರು ಅಲ್ಲಿರುತ್ತಾರೆಯೇ ಎಂಬುದನ್ನು ಮುಂಗಡ ಕಳುಹಿಸುವ ಮೊದಲೇ ಕೇಳಬೇಕು.

ಜಾಹೀರಾತಿನಲ್ಲಿ ಮಡಿಕೇರಿ ಎಂದಿದ್ದರೂ ಮನೆ ಅಲ್ಲಿಂದ ಇಪ್ಪತ್ತೈದು ಮೂವತ್ತು ಕಿಲೋಮೀಟರ್ ದೂರದ ಹಳ್ಳಿಯಲ್ಲಿರಬಹುದು. ಗ್ರಾಮದ ಹೆಸರನ್ನು ಕೇಳಿ ಭೂಪಟದಲ್ಲಿ ನೋಡಿಕೊಳ್ಳುವುದು ಕ್ಷೇಮ. ಡಾಂಬರು ರಸ್ತೆಯಿಂದ ತೋಟದೊಳಗೆ ಎಷ್ಟು ದೂರ, ಆ ದಾರಿಯಲ್ಲಿ ಸಣ್ಣ ಕಾರು ಮಳೆಯಲ್ಲೂ ಹೋಗುತ್ತದೆಯೇ, ವಿದ್ಯುತ್ತು ಹೋದರೆ ಏನು ವ್ಯವಸ್ಥೆ, ಮೊಬೈಲ್ ಸಿಗ್ನಲ್ ಸಿಗುತ್ತದೆಯೇ, ಜೊತೆಗೆ ಬರುವ ಚಾಲಕನಿಗೆ ಮಲಗಲು ಜಾಗವಿದೆಯೇ ಎಂಬ ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ಕೊಡದವರನ್ನು ಬಿಟ್ಟುಬಿಡಬೇಕು. ಸಿದ್ದಾಪುರ, ತಿತಿಮತಿ, ಗೋಣಿಕೊಪ್ಪ ಭಾಗದ ತೋಟಗಳಲ್ಲಿ ಕಾಡಾನೆಗಳ ಓಡಾಟ ದಿನನಿತ್ಯದ ಸಂಗತಿ. ಅಲ್ಲಿ ಕತ್ತಲಾದ ಮೇಲೆ ಅಥವಾ ಬೆಳಕು ಹರಿಯುವ ಮುನ್ನ ತೋಟದ ದಾರಿಯಲ್ಲಿ ನಡೆಯಬೇಡಿ ಎಂದು ಮನೆಯವರು ಹೇಳಿದರೆ, ಅದನ್ನು ಅತಿಯಾದ ಕಾಳಜಿಯೆಂದು ತಳ್ಳಿಹಾಕಬಾರದು.

ತಿಂಗಳು ನೋಡಿ ಊರು ಆರಿಸುವುದು

ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಎಲ್ಲ ದಿಕ್ಕುಗಳೂ ಚೆನ್ನ. ಡಿಸೆಂಬರಿನಿಂದ ತೋಟಗಳಲ್ಲಿ ಕಾಫಿ ಕೊಯ್ಲು ನಡೆಯುತ್ತದೆ. ಫೆಬ್ರವರಿ, ಮಾರ್ಚಿಯಲ್ಲಿ ಹೂಮಳೆ ಬಿದ್ದ ಒಂದು ವಾರ ಹತ್ತು ದಿನಗಳಲ್ಲಿ ತೋಟವೆಲ್ಲ ಬಿಳಿಯ ಹೂ ಬಿಡುವುದನ್ನು ನೋಡಬೇಕಾದರೆ ಪೇಟೆಗಿಂತ ತೋಟದ ಮನೆಯೇ ಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆಯನ್ನೇ ನೋಡಲು ಬರುವವರು ಮಡಿಕೇರಿಗೆ ಬರಲಿ, ಆದರೆ ಜುಲೈ, ಆಗಸ್ಟಿನಲ್ಲಿ ಜಿಲ್ಲಾಡಳಿತದ ಸೂಚನೆಗಳನ್ನು ನೋಡಿಕೊಂಡೇ ಹೊರಡಬೇಕು. 2018ರ ಆಗಸ್ಟಿನ ಭೂಕುಸಿತಗಳಲ್ಲಿ ಮಡಿಕೇರಿ, ಸಂಪಾಜೆ ನಡುವಿನ ಹೆದ್ದಾರಿ ಕೊಚ್ಚಿಹೋಗಿತ್ತು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬೆಟ್ಟವೇ ಕುಸಿದಿತ್ತು. ಆ ತಿಂಗಳುಗಳಲ್ಲಿ ರಜೆ ತಪ್ಪಿಸಲಾಗದಿದ್ದರೆ ಕುಶಾಲನಗರದಲ್ಲಿ ತಂಗಿ, ಮಳೆ ಬಿಟ್ಟ ಹೊತ್ತು ಮೇಲೆ ಹೋಗಿ ಬರುವುದು ವಿವೇಕ.

ಹಬ್ಬಗಳ ದಿನಗಳಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಮಡಿಕೇರಿ ದಸರೆಯಲ್ಲಿ ನಾಲ್ಕು ಕರಗಗಳು ಹೊರಟು, ವಿಜಯದಶಮಿಯ ರಾತ್ರಿ ಹತ್ತು ಮಂಟಪಗಳ ಶೋಭಾಯಾತ್ರೆ ಬೆಳಗಿನವರೆಗೂ ನಡೆಯುತ್ತದೆ. ಆ ರಾತ್ರಿ ಪೇಟೆಯೊಳಗೆ ಕೊಠಡಿಯಿದ್ದವರಷ್ಟೇ ನೆಮ್ಮದಿಯಿಂದ ನೋಡಬಲ್ಲರು, ಹೊರಗೆ ತಂಗಿದವರು ವಾಹನವನ್ನು ಎಲ್ಲೋ ಬಿಟ್ಟು ಮೈಲುಗಟ್ಟಲೆ ನಡೆಯಬೇಕು. ನಿದ್ದೆ ಬೇಕಾದವರು ಅಂದು ಬೇರೆ ಊರನ್ನು ಹುಡುಕಿಕೊಳ್ಳಲಿ. ಗೋಣಿಕೊಪ್ಪದಲ್ಲೂ ದಸರೆಯ ಸಡಗರವಿದೆ. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣಕ್ಕೆ ತಲಕಾವೇರಿಯ ತೀರ್ಥೋದ್ಭವ ನೋಡಲು ಬರುವವರು ಭಾಗಮಂಡಲದ ಹತ್ತಿರ, ನಾಪೋಕ್ಲು ಭಾಗದಲ್ಲಿ ತಂಗಿದರೆ ಅನುಕೂಲ. 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಉತ್ಸವ ಏಪ್ರಿಲ್, ಮೇ ಹೊತ್ತಿಗೆ ನಡೆಯುವಾಗ, ಪಂದ್ಯವಿರುವ ಊರಿನ ಸುತ್ತಲಿನ ವಸತಿಗಳು ನೆಂಟರಿಂದ ತುಂಬಿರುತ್ತವೆ; ಅದನ್ನು ವಿಚಾರಿಸಿಕೊಂಡೇ ಕಾಯ್ದಿರಿಸಬೇಕು. ಸಮಯವಿದ್ದರೆ ಒಂದು ಪಂದ್ಯವನ್ನೂ ನೋಡಬಹುದು.

ಮೂರು ರಾತ್ರಿಗಳಿರುವ, ಮೊದಲ ಸಲ ಬರುವ, ಕಾರು ಇರುವ ಕುಟುಂಬಕ್ಕೆ ನಾನು ಹೇಳುವುದು ಹೀಗೆ: ಹುಣಸೂರಿನಿಂದ ಗೋಣಿಕೊಪ್ಪದ ದಾರಿ ಹಿಡಿದು, ಒಂದು ರಾತ್ರಿ ಕಕ್ಕಬೆಯ ಅಥವಾ ಕುಟ್ಟದ ಕಡೆಯ ತೋಟದ ಮನೆಯಲ್ಲಿ ಉಳಿದು, ಎರಡು ರಾತ್ರಿ ಮಡಿಕೇರಿಯಲ್ಲಿ ತಂಗಿ, ಹಿಂದಿರುಗುವ ದಿನ ಬೆಳಿಗ್ಗೆ ಬೇಗ ಇಳಿದು ದುಬಾರೆಯನ್ನೂ ಮಧ್ಯಾಹ್ನ ಬೈಲುಕುಪ್ಪೆಯನ್ನೂ ನೋಡಿಕೊಂಡು ಮೈಸೂರು ದಾರಿ ಹಿಡಿಯುವುದು. ಎರಡೇ ರಾತ್ರಿಗಳಿದ್ದರೆ ದಕ್ಷಿಣವನ್ನು ಬಿಡಬೇಕು. ಒಂದೇ ರಾತ್ರಿಯಾದರೆ, ಕುಶಾಲನಗರದಲ್ಲಿ ತಂಗಿ ಮಡಿಕೇರಿಯ ಕೋಟೆ, ಓಂಕಾರೇಶ್ವರ, ಗದ್ದಿಗೆಗಳಿಗೆ ಹೋಗಿ ಬಂದರೆ ಸಾಕು; ತಲಕಾವೇರಿಯನ್ನು ಅದರೊಳಗೆ ತುರುಕಬಾರದು.